ಬೇಟೆಗಾರ ನೆಲದುಂಬಿ, ಮಕರಂದದ ಜೇನುನೊಣ: ಅಕ್ಕಪಕ್ಕ ಇಟ್ಟು ನೋಡುವ ಬಗೆ

ಶಾಲೆಯ ಪ್ರಾಜೆಕ್ಟ್ ಪುಸ್ತಕಗಳಲ್ಲಿ ಈ ಹೋಲಿಕೆ ಸಾಮಾನ್ಯವಾಗಿ ಎರಡು ಕಾಲಮ್ಮಿನ ಪಟ್ಟಿಯಾಗಿ ಮುಗಿದುಹೋಗುತ್ತದೆ: ಒಂದು ನೆಲದ ಮೇಲೆ, ಇನ್ನೊಂದು ಗಾಳಿಯಲ್ಲಿ, ಒಂದು ಮಾಂಸ ತಿನ್ನುತ್ತದೆ, ಇನ್ನೊಂದು ಮಕರಂದ ಕುಡಿಯುತ್ತದೆ. ಇದು ತಪ್ಪಲ್ಲ, ಆದರೆ ಇದರಿಂದ ಏನೂ ತಿಳಿಯುವುದಿಲ್ಲ. ಎರಡು ಕೀಟಗಳನ್ನೂ ಒಂದೇ ಮೇಜಿನ ಮೇಲಿಟ್ಟು, ಮೊದಲು ಬಾಯಿ, ಆಮೇಲೆ ಕಾಲು, ಆಮೇಲೆ ರೆಕ್ಕೆ ಎಂಬ ಕ್ರಮದಲ್ಲಿ ನೋಡುತ್ತ ಹೋದರೆ ಪ್ರತಿ ಅಂಗವೂ ಆ ಕೀಟದ ಊಟಕ್ಕೆ ಹೇಗೆ ಹೊಂದಿಕೊಂಡಿದೆ ಎಂಬುದು ಕಾಣುತ್ತದೆ. ಹೊಲ ಇರುವವರಿಗೆ ಇನ್ನೊಂದು ಲಾಭವಿದೆ. ಔಷಧ ಸಿಂಪಡಿಸುವ ಹೊತ್ತನ್ನು ಜೇನೊಂದನ್ನೇ ನೆನೆದು ಗೊತ್ತುಮಾಡಿದರೆ ಏನಾಗುತ್ತದೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಯಾವ ಜೋಡಿಯನ್ನು ಆರಿಸಬೇಕು

ಜೇನಿನ ಕಡೆಯಿಂದ ತುಡುವೆ ಜೇನು, ಅಂದರೆ ಏಪಿಸ್ ಸೆರಾನಾ, ಸಾಕು. ಮರದ ಪೊಟರೆಯಲ್ಲೂ ಪೆಟ್ಟಿಗೆಯಲ್ಲೂ ಗೂಡು ಕಟ್ಟುವ ಇದು ಕರ್ನಾಟಕದ ಎಲ್ಲೆಡೆ ಸಿಗುತ್ತದೆ, ಹೂವಿನ ಮೇಲೆ ಸಿಕ್ಕ ಒಂಟಿ ನೊಣ ಸಿಡುಕುವುದೂ ಕಡಿಮೆ. ಹೆಜ್ಜೇನಿನ ಗೂಡಿನ ಹತ್ತಿರ ಈ ಕೆಲಸಕ್ಕೆ ಹೋಗಲೇಬೇಡಿ. ಮುಜಂಟಿ ಎಂಬ ಜೇನು ತೀರಾ ಚಿಕ್ಕದು, ಹತ್ತು ಪಟ್ಟಿನ ಲೆನ್ಸ್‌ನಲ್ಲಿ ಅದರ ಬಾಯಿ ಸರಿಯಾಗಿ ಕಾಣುವುದಿಲ್ಲ.

ನೆಲದುಂಬಿಯ ಕಡೆ ಆಯ್ಕೆ ಹೆಚ್ಚು. ನೆಲದುಂಬಿಗಳ ಕ್ಯಾರಬಿಡೇ ಕುಟುಂಬದಲ್ಲಿ ಜಗತ್ತಿನಾದ್ಯಂತ ಸುಮಾರು 40,000 ಜಾತಿಗಳಿವೆ. ಬಯಲುಸೀಮೆಯ ಕುರುಚಲು ಕಾಡು, ಹೊಲದಂಚುಗಳಲ್ಲಿ ಮಳೆ ಬಿದ್ದ ಮೇಲೆ ಓಡಾಡುವ ಆರು ಚುಕ್ಕೆಯ ದುಂಬಿ ಆಂಥಿಯಾ ಸೆಕ್ಸ್‌ಗುಟಾಟಾ ಇವುಗಳಲ್ಲಿ ಎದ್ದು ಕಾಣುವಂಥದ್ದು. ಸುಮಾರು ನಾಲ್ಕು ಸೆಂ.ಮೀ. ಉದ್ದ, ಇದ್ದಿಲಿನಂಥ ಕಪ್ಪು, ಎದೆಯ ಮೇಲೆ ಎರಡು, ಬೆನ್ನ ಮೇಲೆ ನಾಲ್ಕು ಬಿಳಿ ಚುಕ್ಕೆ. ನೋಡಲು ಚೆಂದ, ಆದರೆ ಹಿಂಬದಿಯಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಹಾಗಾಗಿ ಮಕ್ಕಳ ಕೈಗೆ ಕೊಡಬೇಡಿ. ಮೊದಲ ಸಲಕ್ಕೆ ಗದ್ದೆ-ತೋಟಗಳಲ್ಲಿ ಸಿಗುವ ಒಂದು-ಒಂದೂವರೆ ಸೆಂ.ಮೀ. ಉದ್ದದ ಕ್ಲೇನಿಯಸ್ ಗುಂಪಿನ ದುಂಬಿ ಅನುಕೂಲ. ತಲೆ ಮತ್ತು ಎದೆ ಹಸಿರು ಇಲ್ಲವೇ ತಾಮ್ರದ ಹೊಳಪು, ಕೆಲವು ಜಾತಿಗಳ ಬೆನ್ನಿನ ಹಿಂಭಾಗದಲ್ಲಿ ಎರಡು ಹಳದಿ ಮಚ್ಚೆ.

ಸಿಕ್ಕಿದ್ದು ನಿಜಕ್ಕೂ ನೆಲದುಂಬಿಯೇ ಎಂದು ಖಚಿತಪಡಿಸಿಕೊಳ್ಳಿ. ಮನೆಯ ಸುತ್ತ ಸಿಗುವ ಕಪ್ಪು ದುಂಬಿಗಳಲ್ಲಿ ಎಷ್ಟೋ ಟೆನೆಬ್ರಿಯೋನಿಡೇ ಕುಟುಂಬದವು. ಅವು ಕೊಳೆತ ಸೊಪ್ಪು, ಕಾಳಿನ ಪುಡಿ ತಿನ್ನುತ್ತವೆ, ಬೇಟೆಯಾಡುವುದಿಲ್ಲ. ಪಾದದ ಗಣ್ಣುಗಳನ್ನು ಎಣಿಸಿದರೆ ಗುರುತು ಸಿಗುತ್ತದೆ: ನೆಲದುಂಬಿಗೆ ಆರೂ ಕಾಲುಗಳಲ್ಲಿ ಐದೈದು, ಟೆನೆಬ್ರಿಯೋನಿಡೇಗಳಿಗೆ ಹಿಂಗಾಲಲ್ಲಿ ಮಾತ್ರ ನಾಲ್ಕು. ಎಣಿಸುವ ಮೊದಲೇ ನಡಿಗೆಯಲ್ಲಿ ಸುಳಿವು ಸಿಗುತ್ತದೆ. ಬೆಳಕು ಬಿದ್ದೊಡನೆ ದಡಬಡಿಸಿ ಓಡಿದರೆ ನೆಲದುಂಬಿ ಇರಬಹುದು. ನಿಧಾನವಾಗಿ ತೆವಳಿದರೆ, ಮುಟ್ಟಿದಾಗ ಸತ್ತಂತೆ ಬಿದ್ದರೆ ಅನುಮಾನಿಸಿ. ಜೇನಿಗೂ ಸೋಗಿನವರಿದ್ದಾರೆ. ಹೂವಿನ ಮುಂದೆ ಗಾಳಿಯಲ್ಲೇ ನಿಂತು ತೇಲುವ ಹಳದಿ-ಕಪ್ಪು ಪಟ್ಟೆಯ ನೊಣಕ್ಕೆ ರೆಕ್ಕೆ ಒಂದೇ ಜೊತೆ, ಕುಡಿಮೀಸೆ (ಆಂಟೆನಾ) ಗಿಡ್ಡ. ಅದು ಜೇನಲ್ಲ.

ಸಾಮಾನು

ಹತ್ತು ಪಟ್ಟಿನ ಕೈಲೆನ್ಸ್, ಅರ್ಧ ಲೀಟರಿನ ಪ್ಲಾಸ್ಟಿಕ್ ಡಬ್ಬಿ ಎಂಟು (ದುಂಬಿ ಹಿಡಿಯುವ ನಾಲ್ಕು ಗುಂಡಿಗೆ ಎರಡೆರಡು), ಅಗಲ ಬಾಯಿಯ ಗಾಜಿನ ಬಾಟಲಿ, ಗಟ್ಟಿ ಕಾರ್ಡು, ಮೆತ್ತನೆಯ ಬ್ರಷ್, ಟೂತ್‌ಪಿಕ್, ಡ್ರಾಪರ್, ಸಕ್ಕರೆ, ಟಾರ್ಚು, ಅದರ ಗಾಜಿಗೆ ಸುತ್ತಲು ಕೆಂಪು ಜಿಲೇಟಿನ್ ಕಾಗದ. ಶಾಲೆಯ ಸೂಕ್ಷ್ಮದರ್ಶಕ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ. ಚಿಮಟದಿಂದ ಜೀವಂತ ಕೀಟ ಹಿಡಿಯಬೇಡಿ, ಕಾಲು ಮುರಿಯುತ್ತದೆ.

ದುಂಬಿಗೆ ಗುಂಡಿ

ಬದುವಿನ ಅಂಚಿನಲ್ಲಿ, ಒಣಸೊಪ್ಪು ಅಥವಾ ಹುಲ್ಲು ಇರುವ ಕಡೆ, ಐದರಿಂದ ಹತ್ತು ಮೀಟರಿಗೊಂದರಂತೆ ನಾಲ್ಕು ಗುಂಡಿ ತೋಡಿ. ಒಂದೊಂದರಲ್ಲೂ ಎರಡು ಡಬ್ಬಿಗಳನ್ನು ಒಂದರೊಳಗೊಂದು ಇಟ್ಟು ಹೂಳಿ. ಬೆಳಿಗ್ಗೆ ಒಳಗಿನದನ್ನಷ್ಟೇ ಎತ್ತಿದರೆ ಸುತ್ತಲ ಮಣ್ಣು ಕುಸಿಯುವುದಿಲ್ಲ. ಎರಡರ ತಳಕ್ಕೂ ಮೊಳೆಯಿಂದ ನಾಲ್ಕಾರು ತೂತು ಮಾಡಿ, ಮಳೆ ನೀರು ಇಳಿಯಲಿ.

ಡಬ್ಬಿಯ ಬಾಯಂಚು ನೆಲಕ್ಕೆ ಸಮವಾಗಿರಬೇಕು, ಅಥವಾ ಒಂದೆರಡು ಮಿ.ಮೀ. ಕೆಳಗೆ. ಬಹುತೇಕ ಜನ ಸೋಲುವುದು ಇಲ್ಲೇ. ಅಂಚು ಒಂದು ಕಡ್ಡಿಯಷ್ಟು ಮೇಲೆದ್ದರೂ ದುಂಬಿ ಅದನ್ನು ಮುಟ್ಟಿ ನೋಡಿ ಪಕ್ಕಕ್ಕೆ ತಿರುಗಿಬಿಡುತ್ತದೆ, ಆಗ "ನಮ್ಮ ಹೊಲದಲ್ಲಿ ದುಂಬಿಯೇ ಇಲ್ಲ" ಎಂಬ ತೀರ್ಮಾನ ಹೊರಡುತ್ತದೆ. ಗುಂಡಿಯ ಸುತ್ತ ಮಣ್ಣು ತುಂಬಿ ಬೆರಳಿನಿಂದ ಒತ್ತಿ ನಯ ಮಾಡಿ. ಮೇಲೆ ಒಂದು ಹಂಚಿನ ಚೂರನ್ನು ಮೂರು ಕಲ್ಲುಗಳ ಮೇಲೆ, ನೆಲದಿಂದ ಎರಡು-ಮೂರು ಸೆಂ.ಮೀ. ಎತ್ತರದಲ್ಲಿ ಮುಚ್ಚಿ. ಮಳೆ ತಡೆಯುತ್ತದೆ, ಕಪ್ಪೆಗಳೂ ಕಡಿಮೆ ಬೀಳುತ್ತವೆ.

ಡಬ್ಬಿಯೊಳಗೆ ಒಣ ಎಲೆ, ಮೊಟ್ಟೆಯ ಟ್ರೇಯ ಚೂರು ಹಾಕುವುದನ್ನು ಮರೆಯಬೇಡಿ. ಅಡಗಲು ಜಾಗವಿಲ್ಲದಿದ್ದರೆ ರಾತ್ರಿ ಬಿದ್ದ ಬೇಟೆಗಾರರಲ್ಲಿ ದೊಡ್ಡದು ಚಿಕ್ಕದನ್ನು ತಿಂದು ಮುಗಿಸುತ್ತದೆ, ಬೆಳಿಗ್ಗೆ ನಿಮಗೆ ಸಿಗುವುದು ಬರೀ ರೆಕ್ಕೆ. ಇರುವೆ ಸಾಲಿನಿಂದ ದೂರವಿರಿ. ಸಂಜೆ ತೆರೆದು, ಬೆಳಿಗ್ಗೆ ಬಿಸಿಲೇರುವ ಮುನ್ನ ನೋಡಿ. ಡಬ್ಬಿಗೆ ನೇರವಾಗಿ ಕೈ ಹಾಕಬೇಡಿ, ಚೇಳು, ಜರಿ ಬಿದ್ದಿರಬಹುದು. ಬಿಳಿ ಟ್ರೇಗೆ ಸುರಿದುಕೊಂಡು, ಬೇಕಾದ ಒಂದನ್ನು ಇಟ್ಟುಕೊಂಡು ಉಳಿದವನ್ನು ಅಲ್ಲೇ ಬಿಡಿ. ಕೆಲಸ ಮುಗಿದ ದಿನ ಗುಂಡಿಗಳನ್ನು ಕಿತ್ತು ಮುಚ್ಚಿ, ತೆರೆದೇ ಬಿಟ್ಟು ಹೋದರೆ ವಾರಗಟ್ಟಲೆ ಕೊಲ್ಲುತ್ತಲೇ ಇರುತ್ತವೆ. ಅರಣ್ಯ ಪ್ರದೇಶದಲ್ಲಿ ಅನುಮತಿಯಿಲ್ಲದೆ ಇದನ್ನೆಲ್ಲ ಮಾಡುವಂತಿಲ್ಲ.

ಗಿಡ್ಡ ರೆಕ್ಕೆಯ, ಹೊಟ್ಟೆ ಹೊರಗೆ ಕಾಣುವ ಕಪ್ಪು-ಕಿತ್ತಳೆ ಪಟ್ಟೆಯ ಸಣ್ಣ ಹುಳು ಬಿದ್ದಿದ್ದರೆ ಅದನ್ನು ಬೆರಳಿನಿಂದ ಒರೆಸಬೇಡಿ. ಅದು ಪೆಡೆರಸ್, ಜಜ್ಜಿದರೆ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ. ಮುಟ್ಟಿದಾಗ "ಪಟ್" ಎಂದು ಹೊಗೆ ಬಿಡುವ ಹಳದಿ-ಕಪ್ಪು ದುಂಬಿ ಬಿದ್ದಿದ್ದರೆ ಅದು ನೆಲದುಂಬಿಗಳಲ್ಲೇ ಬಾಂಬರ್ ಗುಂಪು. ಹೈಡ್ರೋಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡನ್ನು ಹೊಟ್ಟೆಯ ತುದಿಯ ಕೋಣೆಯಲ್ಲಿ ಬೆರೆಸಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಯ ತುಂತುರು ಹೊರಬಿಡುತ್ತದೆ. ಬೆರಳಿಗೆ ಕಂದು ಕಲೆ, ಕಣ್ಣಿಗೆ ಅಪಾಯ. ಯಾವ ದುಂಬಿಯನ್ನೇ ಆಗಲಿ ಮುಖದಿಂದ ಒಂದು ಅಡಿಗಿಂತ ಹತ್ತಿರ ತರುವುದು ಅದು ಮುಚ್ಚಿದ ಪಾರದರ್ಶಕ ಡಬ್ಬಿಯಲ್ಲಿದ್ದಾಗ ಮಾತ್ರ.

ಜೇನು ಹಿಡಿಯುವುದು, ಎರಡನ್ನೂ ತಂಪುಗೊಳಿಸುವುದು

ಬೆಳಿಗ್ಗೆ ಎಂಟರಿಂದ ಹನ್ನೊಂದರ ನಡುವೆ ತುಂಬೆ, ತುಳಸಿ, ಹುಚ್ಚೆಳ್ಳು, ಸೂರ್ಯಕಾಂತಿ, ಕೊತ್ತಂಬರಿ ಹೂವುಗಳ ಹತ್ತಿರ ನಿಲ್ಲಿ. ಹಿಡಿಯುವ ಮೊದಲು ಐದು ನಿಮಿಷ ಸುಮ್ಮನೆ ನೋಡಿ. ನಾಲಿಗೆ ಚಾಚಿ ಹೂವಿನ ಬುಡಕ್ಕೆ ತಲೆ ತೂರಿಸುವುದು ಮಕರಂದಕ್ಕೆ ಬಂದದ್ದು. ಕೇಸರಗಳ ಮೇಲೆ ಹೊರಳಾಡಿ, ಹಾರುತ್ತಲೇ ಕಾಲುಗಳನ್ನು ಉಜ್ಜಿಕೊಳ್ಳುವುದು ಪರಾಗಕ್ಕೆ ಬಂದದ್ದು. ಹಿಂಗಾಲಿಗೆ ಪರಾಗದ ಉಂಡೆ ಇಲ್ಲದ ನೊಣವನ್ನು ಆರಿಸಿಕೊಳ್ಳಿ, ಕಾಲಿನ ರಚನೆ ಸ್ಪಷ್ಟವಾಗಿ ಕಾಣುತ್ತದೆ. ಬಾಟಲಿಯನ್ನು ಮೇಲಿನಿಂದ ಇಳಿಸಿ, ಕೆಳಗೆ ಕಾರ್ಡು ಸರಿಸಿ. ಜೇನಿನ ಕಡಿತಕ್ಕೆ ಅಲರ್ಜಿ ಇರುವವರು ಈ ಹಂತ ಬಿಟ್ಟು, ಜೇನುಪೆಟ್ಟಿಗೆಯ ಮುಂದೆ ಬಿದ್ದಿರುವ ಸತ್ತ ನೊಣಗಳನ್ನು ಸಾಕಣೆದಾರರಿಂದ ತರಿಸಿಕೊಳ್ಳಲಿ. ಒಣಗಿದ ಕೀಟದ ಕಾಲು ಬಿಡಿಸಬೇಕಾದರೆ ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಜೊತೆ ಒಂದು ದಿನ ಇಟ್ಟರೆ ಮೆತ್ತಗಾಗುತ್ತದೆ.

ಜೀವಂತ ಕೀಟಗಳನ್ನು ಫ್ರಿಜ್ಜಿನ ಕೆಳಭಾಗದಲ್ಲಿಡಿ, ಫ್ರೀಜರಿನಲ್ಲಿ ಅಲ್ಲ. ಜೇನಿಗೆ ನಾಲ್ಕೈದು ನಿಮಿಷ, ಕ್ಲೇನಿಯಸ್ ಗಾತ್ರದ ದುಂಬಿಗೆ ಹತ್ತು ನಿಮಿಷ, ದೊಡ್ಡದಕ್ಕೆ ಇನ್ನೂ ಸ್ವಲ್ಪ. ಹೊರತೆಗೆದ ಮೇಲೆ ನೋಡಲು ಎರಡು-ಮೂರು ನಿಮಿಷ ಸಿಗುತ್ತದೆ, ಆದ್ದರಿಂದ ಲೆನ್ಸು, ಕಾಗದ ಮೊದಲೇ ಸಿದ್ಧವಿರಲಿ. ಎಚ್ಚರವಾಗುವ ರೀತಿಯಲ್ಲೇ ಒಂದು ವ್ಯತ್ಯಾಸ ಗಮನಿಸಬಹುದು. ದುಂಬಿ ಕೊಠಡಿಯ ಬಿಸಿಗೆ ಮೈ ಸಡಿಲವಾದೊಡನೆ ನಡೆಯತೊಡಗುತ್ತದೆ. ಜೇನು ಎದ್ದು ನಿಂತರೂ ತಕ್ಷಣ ಹಾರದು: ಹೊಟ್ಟೆಯನ್ನು ಹಿಂದೆ ಮುಂದೆ ಮಾಡುತ್ತ, ಎದೆಯ ಹಾರಾಟದ ಸ್ನಾಯುಗಳನ್ನು ನಡುಗಿಸಿ ತನ್ನನ್ನು ತಾನೇ ಬಿಸಿ ಮಾಡಿಕೊಂಡ ಮೇಲೆಯೇ ಹಾರುತ್ತದೆ. ಅದನ್ನು ಬಿಡುವಾಗ ಬಿಸಿಲಿನಲ್ಲಿ ಬಿಡಿ. ಹಿಡಿದ ಜೇನನ್ನು ಅರ್ಧ ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ, ಆಹಾರವಿಲ್ಲದೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ದುಂಬಿ ಹಸಿಮಣ್ಣಿದ್ದರೆ ದಿನಗಟ್ಟಲೆ ಉಪವಾಸ ತಡೆಯುತ್ತದೆ.

ಮೊದಲು ಬಾಯಿ

ದುಂಬಿಯನ್ನು ಮೇಲಿನಿಂದಲೇ ನೋಡಿ, ತಲೆಯ ಮುಂದೆ ಕುಡುಗೋಲಿನಂತೆ ಬಾಗಿದ ಎರಡು ದವಡೆಗಳು ಚಾಚಿವೆ. ತುದಿ ಚೂಪು, ಒಳಬದಿಯಲ್ಲಿ ಹಲ್ಲಿನಂಥ ಏಣು. ಅವು ಮೇಲೆ ಕೆಳಗೆ ಅಲ್ಲ, ಎಡ ಬಲಕ್ಕೆ ಮುಚ್ಚಿ ತೆರೆಯುತ್ತವೆ. ತಲೆ ಮುಂದಕ್ಕೆ ನೇರವಾಗಿ ಚಾಚಿರುವುದನ್ನೂ ಬರೆದುಕೊಳ್ಳಿ, ಓಡುತ್ತಲೇ ಕಚ್ಚಬೇಕಾದ ಪ್ರಾಣಿಗೆ ಬಾಯಿ ಮುಂದೆಯೇ ಇರಬೇಕು. ಹುಲ್ಲಿನ ದಂಟು ತಾಗಿಸಿದರೆ ಕಚ್ಚಿ ಹಿಡಿಯುತ್ತದೆ.

ಜೇನಿನ ತಲೆ ಕೆಳಮುಖ. ಬಾಯಿಯ ಕೆಳಗೆ ಕಂದು ಬಣ್ಣದ ನಾಲಿಗೆ ಮಡಚಿ ಗಂಟಲಡಿ ಸೇರಿರುತ್ತದೆ, ಎಷ್ಟೋ ಜನರಿಗೆ ಮೊದಲ ನೋಟಕ್ಕೆ ಕಾಣುವುದೇ ಇಲ್ಲ. ಅದನ್ನು ಎಳೆಯಬೇಡಿ. ಒಂದು ಚಮಚ ನೀರಿಗೆ ಒಂದು ಚಮಚ ಸಕ್ಕರೆ ಕರಗಿಸಿ, ಟೂತ್‌ಪಿಕ್ಕಿನ ತುದಿ ಅದ್ದಿ, ಎಚ್ಚರವಾಗುತ್ತಿರುವ ಜೇನಿನ ಕುಡಿಮೀಸೆಗೆ ಮುಟ್ಟಿಸಿ. ಹಸಿದಿದ್ದರೆ ನಾಲಿಗೆ ತಾನಾಗಿ ಹೊರಗೆ ಚಾಚುತ್ತದೆ. ತುಡುವೆಯ ನಾಲಿಗೆ ಸುಮಾರು ಐದು ಮಿ.ಮೀ. ಉದ್ದ, ತುದಿ ರೋಮಮಯ. ಹೀರುವುದು, ನೆಕ್ಕುವುದು ಎರಡನ್ನೂ ಅದು ಮಾಡುತ್ತದೆ. ಡ್ರಾಪರಿನ ಒಂದು ಹನಿ ಒಂದು ನೊಣಕ್ಕೆ ತುಂಬಿ ಮಿಗುತ್ತದೆ. ಸಕ್ಕರೆ ನೀರಿನ ಬದಲು ಅಂಗಡಿಯ ಜೇನುತುಪ್ಪ ಕೊಡಬೇಡಿ, ಗೂಡಿನ ರೋಗಗಳು ತುಪ್ಪದ ಮೂಲಕ ಹರಡುತ್ತವೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಸಾಕಣೆಯನ್ನೇ ನೆಲ ಕಚ್ಚಿಸಿದ್ದನ್ನು ಮಲೆನಾಡು, ಕೊಡಗಿನ ಹಳೆಯ ಸಾಕಣೆದಾರರು ಇನ್ನೂ ಮರೆತಿಲ್ಲ.

ಅಲ್ಲೇ ಇನ್ನೊಂದನ್ನು ನೋಡಿ. ನಾಲಿಗೆಯ ಬುಡದ ಎರಡು ಪಕ್ಕ ಜೇನಿಗೂ ದವಡೆಗಳಿವೆ! ಹಲ್ಲಿಲ್ಲದ, ಚಮಚದಂತೆ ನುಣುಪಾದ ದವಡೆಗಳು. ಮೇಣ ಮಿದಿಯಲು, ಸತ್ತ ನೊಣವನ್ನು ಹೊರಗೆಳೆಯಲು ಬಳಕೆ. ಜೇನುಗಳ ಪೂರ್ವಜರು ಬೇಟೆಯಾಡುವ ಕಣಜಗಳು; ಹೂವಿನ ಕಡೆ ತಿರುಗಿ ಹತ್ತು ಕೋಟಿ ವರ್ಷಕ್ಕೂ ಹೆಚ್ಚಾಗಿದೆ. "ಒಂದಕ್ಕೆ ದವಡೆ, ಇನ್ನೊಂದಕ್ಕೆ ನಾಲಿಗೆ" ಎಂಬ ಪಠ್ಯಪುಸ್ತಕದ ಸಾಲು ಇಲ್ಲಿ ಅರ್ಧವೇ ನಿಜ.

ಊಟದ ಪರೀಕ್ಷೆ

ಒಂದು ಲೀಟರಿನ ಡಬ್ಬಿಗೆ ಐದು ಸೆಂ.ಮೀ. ಹಸಿಮಣ್ಣು ಹಾಕಿ. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ನೀರು ಸೋರಬಾರದು. ದುಂಬಿಯನ್ನು ಒಂದು ದಿನ ಹಸಿದಿಟ್ಟು, ಸಂಜೆ ಒಂದು ಕಾಂಡ ಕತ್ತರಿಸುವ ಹುಳು, ನಾಲ್ಕಾರು ಗೆದ್ದಲು ಅಥವಾ ಎರೆಹುಳದ ತುಂಡು ಕೊಡಿ. ಕೆಂಪು ಕಾಗದ ಸುತ್ತಿದ ಟಾರ್ಚಿನಲ್ಲಿ ನೋಡಿ, ಬಿಳಿ ಬೆಳಕು ಹಾಕಿದರೆ ಓಡಿ ಅಡಗುತ್ತದೆ. ಡಬ್ಬಿ ಅಲುಗಿಸದೆ ಹದಿನೈದು ನಿಮಿಷ ಕಾದರೆ ಬೇಟೆ ಸಾಮಾನ್ಯವಾಗಿ ಕಾಣಸಿಗುತ್ತದೆ. ಹಿಡಿದ ಹುಳದ ಸುತ್ತ ಕಂದು ದ್ರವ ಕಂಡರೆ ಗಾಬರಿ ಬೇಡ. ಅನೇಕ ನೆಲದುಂಬಿಗಳು ಜೀರ್ಣರಸವನ್ನು ಬೇಟೆಯ ಮೇಲೆಯೇ ಕಾರಿ, ಮೆತ್ತಗಾದ ಮಾಂಸವನ್ನು ಒಳಗೆಳೆದುಕೊಳ್ಳುತ್ತವೆ. ಕೊನೆಗೆ ಬರೀ ಸಿಪ್ಪೆ ಉಳಿಯುತ್ತದೆ.

ಅದೇ ದುಂಬಿಗೆ ಮಾಗಿದ ಬಾಳೆಹಣ್ಣಿನ ಚೂರು ಇಟ್ಟರೆ ಅದನ್ನೂ ತಿನ್ನಬಹುದು. ಈ ಕುಟುಂಬದಲ್ಲಿ ಕಳೆಯ ಬೀಜ ತಿನ್ನುವ ಜಾತಿಗಳೂ ಇವೆ. ಇತ್ತ ಜೇನು ಬರೀ ಮಕರಂದದಿಂದ ಬದುಕುವುದಿಲ್ಲ: ಸಕ್ಕರೆ ಹಾರಾಟದ ಇಂಧನ, ಮರಿಗಳ ಮೈ ಬೆಳೆಯುವುದು ಪರಾಗದ ಪ್ರೋಟೀನಿನಿಂದ. ಬೇಟೆಗಾರನಿಗೆ ಇವೆರಡೂ ಒಂದೇ ಹುಳದಲ್ಲಿ ಸಿಗುತ್ತವೆ, ಜೇನಿಗೆ ಎರಡು ಬೇರೆ ಸಂತೆ. ಅದರ ಹಿಂಗಾಲನ್ನು ಅರ್ಥಮಾಡಿಕೊಳ್ಳಲು ಇದಿಷ್ಟು ಬೇಕು.

ಕಾಲು, ರೆಕ್ಕೆ, ಮೈಕೂದಲು

ಜೇನಿನ ಹಿಂಗಾಲಿನ ಹೊರಮೈ ಚಪ್ಪಟೆ, ಹೊಳಪು, ಸುತ್ತ ಉದ್ದ ರೋಮಗಳ ಬೇಲಿ: ಪರಾಗಬುಟ್ಟಿ. ಅದರ ಕೆಳಗಿನ ಅಗಲ ಗಣ್ಣಿನ ಒಳಬದಿಯಲ್ಲಿ ಸಾಲು ಸಾಲು ಬಾಚಣಿಗೆ. ಗಂಡು ನೊಣಕ್ಕೆ ಬುಟ್ಟಿಯೂ ಇಲ್ಲ, ಕೊಂಡಿಯೂ ಇಲ್ಲ. ದುಂಬಿಯ ಕಾಲುಗಳು ಉದ್ದ, ತೆಳು, ಮುಳ್ಳುಮುಳ್ಳು. ಮಗುಚಿ ನೋಡಿದರೆ ಹಿಂಗಾಲಿನ ಬುಡದಲ್ಲಿ ಹುರುಳಿಬೀಜದಂತೆ ಉಬ್ಬಿದ ಗಣ್ಣೊಂದು ಕಾಣುತ್ತದೆ, ಕುಟುಂಬದ ಇನ್ನೊಂದು ಒಳ್ಳೆಯ ಗುರುತು.

ಮುಂಗಾಲಿನಲ್ಲಿ ಮಾತ್ರ ಒಂದು ಅಚ್ಚರಿ ಇದೆ. ಜೇನಿನ ಮುಂಗಾಲಿನಲ್ಲಿ ಅರ್ಧಚಂದ್ರಾಕಾರದ ಒಂದು ಕಚ್ಚು, ಅದನ್ನು ಮುಚ್ಚುವ ಒಂದು ಮುಳ್ಳು. ಕುಡಿಮೀಸೆಯನ್ನು ಅದರಲ್ಲಿ ಎಳೆದು ಪರಾಗ ಒರೆಸಿಕೊಳ್ಳುತ್ತದೆ. ನೆಲದುಂಬಿಯ ಮುಂಗಾಲಿನಲ್ಲೂ ಅದೇ ಕೆಲಸಕ್ಕೆ ಒಂದು ಕಚ್ಚು ಇದೆ, ಜಾಗ ಮಾತ್ರ ಬೇರೆ: ಜೇನಿನಲ್ಲಿ ಪಾದದ ಮೊದಲ ಗಣ್ಣಿನ ಮೇಲೆ, ದುಂಬಿಯಲ್ಲಿ ಅದರ ಮೇಲಿನ ಕಾಲಿನ ಒಳಬದಿಯಲ್ಲಿ. ಒಂದಕ್ಕೆ ಮಣ್ಣು, ಇನ್ನೊಂದಕ್ಕೆ ಪರಾಗ. ವಾಸನೆ ಹಿಡಿಯುವ ಮೀಸೆ ಕೊಳೆಯಾದರೆ ಇಬ್ಬರಿಗೂ ಊಟವಿಲ್ಲ. ಸಂಬಂಧವಿಲ್ಲದ ಎರಡು ಕುಲಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿದ ಒಂದೇ ಉಪಾಯ ಇದು. ಪ್ರಾಜೆಕ್ಟಿನಲ್ಲಿ ಒಂದೇ ಚಿತ್ರ ಬಿಡಿಸಲು ಸಮಯವಿದ್ದರೆ ಇದನ್ನೇ ಬಿಡಿಸಿ.

ರೆಕ್ಕೆ ಎರಡಕ್ಕೂ ಎರಡು ಜೊತೆ. ದುಂಬಿಯ ಮುಂದಿನ ಜೊತೆ ಗಟ್ಟಿ ಮುಚ್ಚಳವಾಗಿದೆ, ಮೇಲೆ ಉದ್ದುದ್ದ ಗೀರು. ಹಾರುವ ತೆಳು ರೆಕ್ಕೆ ಅದರಡಿ ಮಡಚಿದೆ. ಆರು ಚುಕ್ಕೆಯ ದುಂಬಿಗೆ ಹಾರಾಟವೇ ಇಲ್ಲ, ಆದ್ದರಿಂದ ಮುಚ್ಚಳ ಬಿಡಿಸಲು ಬಲ ಹಾಕಬೇಡಿ. ಜೇನಿನ ಹಿಂದಿನ ರೆಕ್ಕೆಯ ಮುಂಭಾಗದ ಅಂಚಿನಲ್ಲಿ ಕೊಕ್ಕೆಗಳ ಸಾಲು ಇದೆ, ಸತ್ತ ನೊಣದ ರೆಕ್ಕೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಸ್ಪಷ್ಟ. ಹಾರುವಾಗ ಈ ಕೊಕ್ಕೆಗಳು ಎರಡು ರೆಕ್ಕೆಯನ್ನು ಒಂದಾಗಿ ಹೂಡುತ್ತವೆ. ಅಲ್ಲೇ ಎದೆಯ ಒಂದೆರಡು ಕೂದಲನ್ನೂ ನೋಡಿ: ಗರಿಯಂತೆ ಕವಲೊಡೆದಿವೆ, ಪರಾಗ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ದುಂಬಿಯ ಮೈಮೇಲೆ ಇರುವ ರೋಮಗಳು ನೇರ. ಕಣ್ಣಿನ ವಿಷಯ ಚಿಕ್ಕದು: ಜೇನಿಗೆ ಎರಡು ದೊಡ್ಡ ಸಂಯುಕ್ತ ಕಣ್ಣಿನ ಜೊತೆಗೆ ನೆತ್ತಿಯ ಮೇಲೆ ಮೂರು ಸಣ್ಣ ಕಣ್ಣು, ನೆಲದುಂಬಿಗೆ ಆ ಮೂರು ಇಲ್ಲ.

ಮರಿಗಳನ್ನೂ ಸೇರಿಸಿಕೊಂಡರೆ ಹೋಲಿಕೆ ಪೂರ್ತಿ. ಎರಡೂ ಮೊಟ್ಟೆ, ಮರಿ, ಕೋಶ, ಪ್ರೌಢ ಎಂಬ ನಾಲ್ಕು ಹಂತ ದಾಟುತ್ತವೆ. ಆದರೆ ದುಂಬಿಯ ಮರಿ ಮೊದಲ ದಿನದಿಂದಲೇ ಕಾಲು, ದವಡೆ ಇರುವ ಬೇಟೆಗಾರ, ಮಣ್ಣಿನಲ್ಲಿ ಒಂಟಿಯಾಗಿ ಬೆಳೆಯುತ್ತದೆ. ಜೇನಿನ ಮರಿಗೆ ಕಾಲೇ ಇಲ್ಲ, ಕೆಲಸಗಾರ ನೊಣಗಳು ಬಾಯಿಗೆ ಇಡಬೇಕು.

ಎಣಿಕೆಯಲ್ಲಿ ಆಗುವ ಎಡವಟ್ಟು

ಗುಂಡಿಯಲ್ಲಿ ಐದು ದುಂಬಿ, ಹೂವಿನ ಮೇಲೆ ಐವತ್ತು ಜೇನು ಸಿಕ್ಕಿತು ಎಂದು ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದು ಹೋಲಿಸಬೇಡಿ. ಗುಂಡಿಯ ಸಂಖ್ಯೆ ಹೇಳುವುದು ದುಂಬಿಗಳು ಎಷ್ಟಿವೆ ಎಂಬುದನ್ನಷ್ಟೇ ಅಲ್ಲ, ಎಷ್ಟು ಓಡಾಡಿದವು ಎಂಬುದನ್ನೂ. ಬೆಚ್ಚನೆಯ, ಮಳೆ ನಿಂತ ರಾತ್ರಿ ಅದೇ ಹೊಲದಲ್ಲಿ ಎರಡು ಪಟ್ಟು ಬೀಳಬಹುದು. ಜೇನಿಗೆ ಒಂದು ಚದರ ಮೀಟರ್ ಹೂವಿನ ಮುಂದೆ ಹತ್ತು ನಿಮಿಷ ನಿಂತು ಭೇಟಿಗಳನ್ನು ಎಣಿಸಿ. ಒಂದೇ ನೊಣ ಮೂರು ಸಲ ಬಂದರೆ ಮೂರು ಭೇಟಿ. ದುಂಬಿಯನ್ನು ದುಂಬಿಯ ಜೊತೆ, ಜೇನನ್ನು ಜೇನಿನ ಜೊತೆ, ಬದು ಮತ್ತು ನಡುಹೊಲ ಎಂದು ಬೇರೆ ಮಾಡಿ ಹೋಲಿಸಿ.

ಇನ್ನೂ ಒಂದು ವ್ಯತ್ಯಾಸ ಇದೆ, ಬೇಸಾಯಗಾರರಿಗೆ ಹೆಚ್ಚು ಮುಖ್ಯವಾದದ್ದು. ನಿಮ್ಮ ಹೂವಿನ ಮೇಲಿರುವ ತುಡುವೆಯ ಗೂಡು ಅರ್ಧ ಕಿ.ಮೀ. ಆಚೆ ಪಕ್ಕದವರ ತೋಟದಲ್ಲಿರಬಹುದು. ಹಾರದ ನೆಲದುಂಬಿ ಹುಟ್ಟಿ ಬೆಳೆದದ್ದು ನಿಮ್ಮ ಮಣ್ಣಿನಲ್ಲೇ. ಜೇನು ಸುತ್ತಲ ಊರಿನ ಸ್ಥಿತಿ ಹೇಳಿದರೆ, ದುಂಬಿ ನಿಮ್ಮ ಒಂದು ಹೊಲದ ಸ್ಥಿತಿ ಹೇಳುತ್ತದೆ.

ಸಿಂಪಡಣೆಯ ಹೊತ್ತು

"ಜೇನು ಉಳಿಯಬೇಕಾದರೆ ಸಂಜೆ ಸಿಂಪಡಿಸಿ" ಎಂಬ ಸಲಹೆ ಸರಿ, ಜೇನುಗಳು ಆಗ ಗೂಡು ಸೇರಿರುತ್ತವೆ. ಆದರೆ ಬಹುತೇಕ ನೆಲದುಂಬಿಗಳು ಹೊರಡುವುದೇ ಆ ಹೊತ್ತಿಗೆ. ಪೈರು ಎಳೆಯದಾಗಿದ್ದು ನೆಲ ಬತ್ತಲಿದ್ದಾಗ ಔಷಧದ ದೊಡ್ಡ ಪಾಲು ಮಣ್ಣಿಗೇ ಬೀಳುತ್ತದೆ, ಹಸಿ ಮಣ್ಣಿನ ಮೇಲೆ ರಾತ್ರಿಯಿಡೀ ಓಡುವುದು ಕಾಂಡ ಕತ್ತರಿಸುವ ಹುಳವನ್ನು ತಿನ್ನಬೇಕಾದ ದುಂಬಿ. ಬೀಜಕ್ಕೆ ಲೇಪಿಸಿದ ನಿಯೋನಿಕೋಟಿನಾಯ್ಡ್ ಎಂಬ ಕೀಟನಾಶಕ ಜೇನಿಗೆ ತಲುಪುವುದು ಹೂವಿನ ಮಕರಂದ-ಪರಾಗದ ಮೂಲಕ. ದುಂಬಿಗೆ ತಲುಪುವುದು ಬೇಟೆಯ ಮೂಲಕ. ಅಮೆರಿಕದ ಪೆನ್ಸಿಲ್ವೇನಿಯಾದ ಸೋಯಾ ಬೆಳೆಯ ಅಧ್ಯಯನದಲ್ಲಿ, ಔಷಧ ಲೇಪಿತ ಬೀಜದ ಸಸಿ ತಿಂದ ಗೊಂಡೆಹುಳಗಳು (ಚಿಪ್ಪಿಲ್ಲದ ಬಸವನಹುಳಗಳು) ಸಾಯಲಿಲ್ಲ, ಅವನ್ನು ತಿಂದ ನೆಲದುಂಬಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು ಇಲ್ಲವೇ ನಿತ್ರಾಣಗೊಂಡವು, ಗೊಂಡೆಹುಳಗಳ ಕಾಟ ಹೆಚ್ಚಿತು. ಅಲ್ಲಿದ್ದ ದುಂಬಿ ನಮ್ಮ ಕ್ಲೇನಿಯಸ್ಸಿನ ಗುಂಪಿನದೇ.

ಹಾಗೆಂದು ಸಂಜೆ ಬಿಟ್ಟು ಬೆಳಿಗ್ಗೆ ಸಿಂಪಡಿಸಬೇಡಿ, ಹೂವಿರುವ ಬೆಳೆಯಲ್ಲಿ ಅದು ಜೇನಿಗೆ ನೇರ ಹೊಡೆತ. ಹೂ ಬಿಟ್ಟ ಬೆಳೆಗೆ ಸಂಜೆಯೇ ಇರಲಿ, ನಳಿಕೆಯ ತುದಿಯನ್ನು ನೆಲಕ್ಕೆ ತಿರುಗಿಸದೆ ಎಲೆ ಒದ್ದೆಯಾಗುವಷ್ಟಕ್ಕೆ ನಿಲ್ಲಿಸಿ. ಹೂ ಬರುವ ಮೊದಲಿನ ಎಳೆ ಪೈರಿಗೆ, ಹತ್ತಿರದಲ್ಲಿ ಹೂಬಿಟ್ಟ ಕಳೆ ಇಲ್ಲದಿದ್ದರೆ, ಹೊಲವೆಲ್ಲ ಬೇಡ, ಹುಳ ಬಿದ್ದ ಸಾಲಿಗೆ ಮಾತ್ರ ಸಿಂಪಡಿಸಿ. ಹರಳು ಔಷಧ ಎರಚುವ ಮುನ್ನ ಎರಡು ರಾತ್ರಿ ಗುಂಡಿ ಇಟ್ಟು ನೋಡಿ, ಬೇಟೆಗಾರರು ಸಾಕಷ್ಟು ಬಿದ್ದರೆ ಒಂದು ವಾರ ತಡೆಯಬಹುದೇ ಎಂದು ಯೋಚಿಸಿ. ಬದುವಿನಿಂದ ಒಂದು ಮೀಟರ್ ಅಗಲವನ್ನು ಯಾವ ಔಷಧಕ್ಕೂ ಕೊಡದೆ ಬಿಡಿ, ಅಲ್ಲಿ ಹುಲ್ಲಿನ ಬುಡ, ಒಣಸೊಪ್ಪು ಹಾಗೇ ಇರಲಿ, ತುಂಬೆ ಮತ್ತು ಒಂದು ಸಾಲು ಹುಚ್ಚೆಳ್ಳು ಬರಲಿ. ಬೇಸಿಗೆಯಲ್ಲಿ ಆ ಪಟ್ಟಿಗೆ ಬೆಂಕಿ ಇಡಬೇಡಿ, ನೇಗಿಲನ್ನೂ ಹಾಯಿಸಬೇಡಿ. ದುಂಬಿಯ ಮರಿ ಮತ್ತು ಕೋಶ ಇರುವುದು ಅದೇ ಮಣ್ಣಿನಲ್ಲಿ.